ಕೋರ್ಸ್ ಪ್ರಾಜೆಕ್ಟ್‌ಗೆ ಕನ್ನಡ ಪದದ ಆಟ ಕಟ್ಟಿದೆ: ಮೊದಲು ಅಕ್ಷರ, ಆಮೇಲೆ ಪರದೆ

ಶಿವಮೊಗ್ಗದಿಂದ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಕೋಡಿಂಗ್ ಕೋರ್ಸಿನ ಫ್ರಂಟ್‌ಎಂಡ್ ಭಾಗ ಮುಗಿಯಿತು. ಕೊನೆಯ ಪ್ರಾಜೆಕ್ಟ್‌ಗೆ ದಿನಕ್ಕೊಂದು ಕನ್ನಡ ಪದ ಊಹಿಸುವ ಆಟ ಕಟ್ಟಿದ್ದೇನೆ. ವರ್ಡಲ್ ಆಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಮೂರು ಅಕ್ಷರದ ಪದ, ಆರು ಅವಕಾಶ. ಅಕ್ಷರವೂ ಜಾಗವೂ ಸರಿ ಇದ್ದರೆ ಮನೆ ಹಸಿರಾಗುತ್ತದೆ. ಅಕ್ಷರ ಇದೆ, ಜಾಗ ಬೇರೆ ಅಂದರೆ ಹಳದಿ. ಸರ್ವರ್ ಇಲ್ಲ, ಫ್ರೇಮ್‌ವರ್ಕ್ ಇಲ್ಲ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಅಷ್ಟೇ.

ಕಲಿತದ್ದನ್ನು ಇಲ್ಲಿ ಬರೆದಿಡುತ್ತೇನೆ. ಕನ್ನಡದಲ್ಲಿ ಇಂಥದ್ದು ಮಾಡಲು ಹೊರಟವರಿಗೆ ಒಂದೇ ಕಡೆ ಸಿಗಲಿ ಅನ್ನೋದು ನನ್ನ ಆಸೆ.

ಕೋರ್ಸುಗಳಲ್ಲಿ ಮೊದಲು ಪರದೆ ಕಟ್ಟಿಸುತ್ತಾರೆ. ಆಮೇಲೆ ಬಣ್ಣ, ಆಮೇಲೆ ಬಟನ್ ಒತ್ತಿದರೆ ಏನಾಗಬೇಕು ಅನ್ನೋದು. ಉದಾಹರಣೆಗಳೆಲ್ಲ ಇಂಗ್ಲಿಷ್ ಪದಗಳು. ಅಲ್ಲಿ ಒಂದು ಅಕ್ಷರಕ್ಕೆ ಒಂದು ಮನೆ ಹಾಕಿದರೆ ಮುಗಿಯಿತು. ಕನ್ನಡದ ಆ್ಯಪ್‌ಗೆ ಈ ಕ್ರಮ ನಡೆಯುವುದಿಲ್ಲ. ಒಂದು ಅಕ್ಷರ ಅಂದರೆ ಯಾವುದು ಅಂತ ಮೊದಲು ತೀರ್ಮಾನ ಮಾಡಬೇಕು, ಅದನ್ನು ಕೋಡಿಗೆ ಹೇಳಿಕೊಡಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

'ಮಲ್ಲಿಗೆ' ತಗೊಳ್ಳಿ. ನಾವು ಎಣಿಸಿದರೆ ಮ, ಲ್ಲಿ, ಗೆ. ಮೂರು. ಜಾವಾಸ್ಕ್ರಿಪ್ಟಿನಲ್ಲಿ ಲೆಂಗ್ತ್ (ಉದ್ದ) ಕೇಳಿದರೆ 7 ಬರುತ್ತದೆ. ಮ, ಲ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಲ, ಗುಡಿಸು, ಗ, ಎತ್ವ. ಕಂಪ್ಯೂಟರಿನಲ್ಲಿ ಲಿಪಿಗಳನ್ನು ಬರೆದಿಡುವ ಮಾನದಂಡವಾದ ಯೂನಿಕೋಡ್‌ನಲ್ಲಿ ಇವೆಲ್ಲ ಬೇರೆ ಬೇರೆ ಸಂಕೇತಗಳು. 'ಸ್ತ್ರೀ' ಒಂದೇ ಅಕ್ಷರ, ಆದರೆ ಲೆಂಗ್ತ್ 6.

ಬ್ರೌಸರ್‌ಗಳಲ್ಲಿ ಇದಕ್ಕೆಂದೇ ಇಂಟಲ್ ಸೆಗ್ಮೆಂಟರ್ ಅನ್ನುವ ಸೌಲಭ್ಯ ಇದೆ. ಕ್ರೋಮ್‌ಗೆ 2020ರಲ್ಲಿ ಬಂತು, ಸಫಾರಿಗೆ 2021ರಲ್ಲಿ, ಫೈರ್‌ಫಾಕ್ಸ್‌ಗೆ 2024ರಲ್ಲಿ. ಕಣ್ಣಿಗೆ ಒಂದಾಗಿ ಕಾಣುವ ಗುಂಪುಗಳಾಗಿ ಪಠ್ಯವನ್ನು ಒಡೆದುಕೊಡುವುದು ಅದರ ಕೆಲಸ. 'ಮಲ್ಲಿಗೆ' ಕೊಟ್ಟರೆ ಅದು ಮ, ಲ್, ಲಿ, ಗೆ ಎಂದು ನಾಲ್ಕು ಕೊಡುತ್ತದೆ. ಸ್ವರ ಚಿಹ್ನೆಗಳನ್ನು ಚೆನ್ನಾಗಿ ಸೇರಿಸುತ್ತದೆ, ಒತ್ತಕ್ಷರವನ್ನು ಮಾತ್ರ ಬಿಡಿಸಿಬಿಡುತ್ತದೆ.

ಇದಕ್ಕೆ ಪರಿಹಾರ ಸರಳ. ಒಂದು ಗುಂಪು ಅರ್ಧಾಕ್ಷರದ ಚಿಹ್ನೆಯಲ್ಲಿ ಮುಗಿದರೆ ಅದನ್ನು ಮುಂದಿನ ಗುಂಪಿಗೆ ಅಂಟಿಸಿ. ಮುಂದೆ ಏನೂ ಇಲ್ಲದಿದ್ದರೆ ಹಾಗೇ ಬಿಡಿ. ಆಗ 'ಮಲ್ಲಿಗೆ' ಮೂರಾಗುತ್ತದೆ, 'ಸ್ತ್ರೀ' ಒಂದಾಗುತ್ತದೆ, 'ಬಸ್' ಬ ಮತ್ತು ಸ್ ಎಂದು ಎರಡಾಗುತ್ತದೆ. ಹತ್ತು ಸಾಲೂ ಇಲ್ಲದ ಈ ಫಂಕ್ಷನ್ ಇಡೀ ಆಟದ ಜೀವ.

ನಿಮ್ಮ ಅನುಭವ ಹೇಳಿ. ತಿದ್ದುವುದಿದ್ದರೆ ದಯವಿಟ್ಟು ತಿದ್ದಿ.

ಧಾರವಾಡದಿಂದ, ಕಾಲೇಜಿನಲ್ಲಿ ಪಾಠ ಮಾಡುವವರು

ತುಂಬಾ ಚೆನ್ನಾಗಿ ಬರೆದಿದ್ದೀಯಮ್ಮ. ನಾಲ್ಕು ಬರುವುದಕ್ಕೆ ಕಾರಣ ಬ್ರೌಸರಿನ ದೋಷ ಅಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯೂನಿಕೋಡ್‌ನ ನಿಯಮವೇ ಹಾಗಿದೆ. 2023ರಲ್ಲಿ ಬಂದ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯಬಾರದು ಅನ್ನುವ ಹೊಸ ನಿಯಮ ಸೇರಿತು. ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಹಾಗಾಗಿ ಹಿಂದಿ ಅಥವಾ ತೆಲುಗಿನಲ್ಲಿ ಇಂಥದ್ದೇ ಆಟ ಬರೆದವರ ಕೋಡ್ ತಂದು ಕನ್ನಡಕ್ಕೆ ಹಾಕಿದರೆ ಲೆಕ್ಕ ತಪ್ಪಬಹುದು. ನೀನು ಬರೆದಂಥ ಅಂಟಿಸುವ ಫಂಕ್ಷನ್ ಬೇಕೇ ಬೇಕು.

ಪ್ರಾಜೆಕ್ಟ್ ನೋಡುವಾಗ ನಾನು ಮೊದಲು ಹುಡುಕುವುದು ಇದನ್ನೇ: ಮುಖ್ಯವಾದ ಲೆಕ್ಕ ಪರದೆಯ ಕೋಡಿನಿಂದ ಬೇರೆ ಇದೆಯಾ? ಅಕ್ಷರ ಒಡೆಯುವ ಫಂಕ್ಷನ್‌ಗೆ ಬಟನ್ ಗೊತ್ತಿರಬಾರದು, ಬಣ್ಣ ಗೊತ್ತಿರಬಾರದು. ಪದ ಕೊಟ್ಟರೆ ಪಟ್ಟಿ ಕೊಡಬೇಕು, ಅಷ್ಟೇ. ಹಾಗಿದ್ದರೆ ಪರೀಕ್ಷೆ ಬರೆಯುವುದು ಸುಲಭ. ಒಂದು ಕಡತದಲ್ಲಿ ಪದ ಮತ್ತು ಅದರ ಅಕ್ಷರಗಳ ಸಂಖ್ಯೆ ಬರೆದಿಡು. ಅಮ್ಮ 2, ಕನ್ನಡ 3, ಸ್ತ್ರೀ 1, ಬಸ್ 2, ಅಂಗಳ 3, ದುಃಖ 2. ಕೋಡ್ ಬದಲಿಸಿದಾಗಲೆಲ್ಲ ಇದನ್ನು ಓಡಿಸು. ದೊಡ್ಡ ಟೆಸ್ಟಿಂಗ್ ಲೈಬ್ರರಿ ಏನೂ ಬೇಡ, ಬ್ರೌಸರಿನಲ್ಲೇ ಇರುವ ಕನ್ಸೋಲ್ ಅಸರ್ಟ್ ಸಾಕು.

ಮಂಗಳೂರಿನಿಂದ

ಹಸಿರು, ಹಳದಿ ಲೆಕ್ಕವನ್ನು ಹೇಗೆ ಮಾಡಿದ್ದೀರಿ? ನಮ್ಮ ಬ್ಯಾಚಿನಲ್ಲಿ ಇದೇ ಆಟವನ್ನು ಇಂಗ್ಲಿಷಿನಲ್ಲಿ ಮಾಡಿಸಿದ್ದರು. ಒಂದೇ ಅಕ್ಷರ ಎರಡು ಸಲ ಬಂದಾಗ ಹಲವರ ಆಟ ತಪ್ಪು ಬಣ್ಣ ತೋರಿಸುತ್ತಿತ್ತು.

ಶಿವಮೊಗ್ಗದಿಂದ

ಒಳ್ಳೆ ಪ್ರಶ್ನೆ. ಒಂದೇ ಸುತ್ತಿನಲ್ಲಿ ನೋಡುತ್ತಾ ಹೋದರೆ ಆ ತೊಂದರೆ ಬರುತ್ತದೆ. ಉತ್ತರ 'ಕಮಲ', ಆಡುವವರು 'ಮಮತೆ' ಅಂತ ಹಾಕಿದರು ಅಂದುಕೊಳ್ಳಿ. ಮೊದಲ ಮ ನೋಡಿದಾಗ 'ಕಮಲದಲ್ಲಿ ಮ ಇದೆ' ಅಂತ ಹಳದಿ ಬೀಳುತ್ತದೆ. ಎರಡನೇ ಮ ಸರಿಯಾದ ಜಾಗದಲ್ಲಿದೆ, ಹಸಿರು ಬೀಳುತ್ತದೆ. ಆಡುವವರು ಪದದಲ್ಲಿ ಎರಡು ಮ ಇದೆ ಅಂದುಕೊಳ್ಳುತ್ತಾರೆ. ಇರುವುದು ಒಂದೇ.

ಎರಡು ಸುತ್ತು ಬೇಕು. ಉತ್ತರದಲ್ಲಿ ಯಾವ ಅಕ್ಷರ ಎಷ್ಟು ಸಲ ಇದೆ ಅಂತ ಮೊದಲೇ ಎಣಿಸಿಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ ಹಸಿರು ಮಾತ್ರ ಹಾಕಿ, ಹಾಕಿದಷ್ಟನ್ನು ಎಣಿಕೆಯಿಂದ ಕಳೆಯಿರಿ. ಎರಡನೇ ಸುತ್ತಿನಲ್ಲಿ ಎಣಿಕೆ ಉಳಿದಿದ್ದರೆ ಮಾತ್ರ ಹಳದಿ.

ಆದರೆ ಕನ್ನಡದಲ್ಲಿ ಇನ್ನೊಂದು ವಿಷಯ ಇದೆ, ಅದರ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು. ಉತ್ತರ 'ಮಲ್ಲಿಗೆ', ಊಹೆ 'ಮಲಗು'. ಮೂರನೇ ಮನೆಯಲ್ಲಿ ಗೆ ಇರಬೇಕು, ಗು ಇದೆ. ಇದನ್ನು ಪೂರ್ತಿ ತಪ್ಪು ಅನ್ನುವುದು ನ್ಯಾಯ ಅಲ್ಲ. ವ್ಯಂಜನ ಸರಿ ಇದೆ, ಕಾಗುಣಿತ ಬೇರೆ ಅಷ್ಟೇ. ಎಷ್ಟೋ ವ್ಯಂಜನ, ಪ್ರತಿಯೊಂದಕ್ಕೂ ಕಾಗುಣಿತ, ಮೇಲೆ ಒತ್ತಕ್ಷರ. ಸುಳಿವು ಕೊಡದಿದ್ದರೆ ಆರು ಅವಕಾಶದಲ್ಲಿ ಊಹಿಸುವುದು ತುಂಬಾ ಕಷ್ಟ. ನಾನು ಈಗ ಮನೆಯ ಕೆಳಗೆ ಒಂದು ದಪ್ಪ ಗೆರೆ ಎಳೆಯುತ್ತಿದ್ದೇನೆ. ಗೆರೆ ಇದ್ದರೆ 'ವ್ಯಂಜನ ಸರಿ, ಸ್ವರ ನೋಡಿ' ಅಂತ. ಲ್ಲಿ ಬರಬೇಕಾದ ಕಡೆ ಲ ಹಾಕಿದರೂ ಗೆರೆ ಬರುತ್ತದೆ.

ಮಂಗಳೂರಿನಿಂದ

ಗೆರೆ ಒಳ್ಳೆಯದು. ಮೂರನೇ ಬಣ್ಣ ತಂದರೆ ಗೊಂದಲ ಜಾಸ್ತಿ. ಆದರೆ ಲ್ಲಿ ಮತ್ತು ಲ ಎರಡಕ್ಕೂ ಅದೇ ಗೆರೆ ಕೊಟ್ಟರೆ ಒತ್ತು ಇದೆಯೋ ಸ್ವರ ಬೇರೆಯೋ ಗೊತ್ತಾಗುವುದಿಲ್ಲ ಅಲ್ವಾ? ಒತ್ತಕ್ಷರ ಇರುವ ಮನೆಗೆ ಆಟ ಶುರುವಾಗುವಾಗಲೇ ಮೂಲೆಯಲ್ಲಿ ಒಂದು ಚುಕ್ಕಿ ಇಡಿ. ಆಡುವವರಿಗೆ ಹಿಡಿತ ಸಿಗುತ್ತದೆ.

ಶಿವಮೊಗ್ಗದಿಂದ

ಚುಕ್ಕಿ ಬಹಳ ಇಷ್ಟ ಆಯಿತು. ಸೇರಿಸುತ್ತೇನೆ.

ಮೈಸೂರಿನಿಂದ, ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ಬಳಸುವವರು

ಬಣ್ಣ, ಗೆರೆ, ಚುಕ್ಕಿ ಎಲ್ಲ ಸರಿ. ನನಗೆ ಇವು ಯಾವುವೂ ಕಾಣುವುದಿಲ್ಲ. ಕೆಂಪು, ಹಸಿರು ಬೇರೆ ಮಾಡಿ ನೋಡಲು ಆಗದವರಿಗೂ ಬಣ್ಣವೊಂದೇ ಇದ್ದರೆ ಕಷ್ಟ. ದಯವಿಟ್ಟು ಈ ಕೆಲವನ್ನು ಮಾಡಿ, ಯಾವುದೂ ದೊಡ್ಡ ಕೆಲಸ ಅಲ್ಲ.

ಪುಟದ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಕನ್ನಡ ಅಂತ ಬರೆಯಿರಿ. ಬಹಳ ಟೆಂಪ್ಲೇಟುಗಳಲ್ಲಿ ಇಂಗ್ಲಿಷ್ ಅಂತಲೇ ಇರುತ್ತದೆ, ಯಾರೂ ಬದಲಿಸುವುದಿಲ್ಲ. ಭಾಷೆ ಸರಿ ಇದ್ದರೆ ನನ್ನ ಸ್ಕ್ರೀನ್ ರೀಡರ್ ಎನ್‌ವಿಡಿಎ ಕನ್ನಡ ಧ್ವನಿಗೆ ತಾನಾಗಿ ಬದಲಾಗುತ್ತದೆ. ಅದರ ಜೊತೆ ಬರುವ ಈಸ್ಪೀಕ್‌ಗೆ ಕನ್ನಡ ಓದಲು ಬರುತ್ತದೆ. ಒತ್ತುವ ಜಾಗಗಳಿಗೆ ಬಟನ್ ಟ್ಯಾಗನ್ನೇ ಹಾಕಿ. ಡಿವ್‌ಗೆ ಕ್ಲಿಕ್ ಕೊಟ್ಟರೆ ಮೌಸ್ ಇರುವವರಿಗೆ ನಡೆಯುತ್ತದೆ, ಕೀಬೋರ್ಡಿನಲ್ಲಿ ಅಲ್ಲಿಗೆ ಹೋಗಲು ಆಗುವುದಿಲ್ಲ. ಊಹೆ ಮುಗಿದ ಮೇಲೆ 'ಮ ಸರಿ, ಲ ಹತ್ತಿರ, ಗು ಹತ್ತಿರ' ಅಂತ ಒಂದು ಸಾಲು ಪುಟದಲ್ಲಿ ಬರಲಿ. ಆ ಸಾಲಿಗೆ ಏರಿಯಾ ಲೈವ್ (aria-live) ಅನ್ನುವ ಗುಣ ಕೊಟ್ಟರೆ ನಾನು ಹುಡುಕಿಕೊಂಡು ಹೋಗಬೇಕಿಲ್ಲ, ಬಂದ ತಕ್ಷಣ ಓದುತ್ತದೆ. ಹಳದಿ ಮನೆಯ ಮೇಲೆ ಬಿಳಿ ಅಕ್ಷರ ಬೇಡ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಡಿಮೆ ಅಂದರೂ 4.5ಕ್ಕೆ 1ರ ಅಂತರ ಇರಬೇಕು ಅನ್ನುವುದು ವೆಬ್ ಸುಲಭಲಭ್ಯತೆಯ ಮಾನದಂಡ.

ಕನ್ನಡದಲ್ಲಿ ಪದದ ಆಟ ಬರುತ್ತಿದೆ ಅಂದಾಗ ಖುಷಿ ಆಯಿತು. ನಾನೂ ಆಡುವಂತಿದ್ದರೆ ಇನ್ನೂ ಖುಷಿ.

ಶಿವಮೊಗ್ಗದಿಂದ

ಸರ್, ಖಂಡಿತ ಮಾಡುತ್ತೇನೆ. ಬಿಡುಗಡೆಗೆ ಮುಂಚೆ ನೀವು ಒಂದು ಸಲ ಆಡಿ ನೋಡಿದರೆ ನನಗೆ ದೊಡ್ಡ ಉಪಕಾರ.

ಸ್ಯಾನ್ ಹೋಸೆಯಿಂದ

ಹೊರದೇಶದಲ್ಲಿರುವ ನಮಗೆ ಇಂಥ ಆಟ ಮಕ್ಕಳ ಜೊತೆ ಆಡಲು ತುಂಬಾ ಬೇಕು. ದಿನದ ಪದ ಯಾವಾಗ ಬದಲಾಗುತ್ತದೆ ಅನ್ನೋದನ್ನು ನೋಡಿಕೊಳ್ಳಿ.

ಜಾವಾಸ್ಕ್ರಿಪ್ಟಿನಲ್ಲಿ ದಿನಾಂಕ ಬೇಕಾದಾಗ ಹಲವರು ಟು ಐಎಸ್‌ಒ ಸ್ಟ್ರಿಂಗ್ ಕರೆದು ಮೊದಲ ಹತ್ತು ಚಿಹ್ನೆ ಕತ್ತರಿಸಿಕೊಳ್ಳುತ್ತಾರೆ. ಅದು ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಇರುವ ಮೂಲ ಸಮಯದ ದಿನಾಂಕ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ನಿಮ್ಮ ಕಡೆ ಹೊಸ ಪದ ಬರುವುದು ರಾತ್ರಿ 12ಕ್ಕಲ್ಲ, ಬೆಳಗ್ಗೆ 5:30ಕ್ಕೆ. ನಮ್ಮ ಕಡೆ ಚಳಿಗಾಲದಲ್ಲಿ ಸಂಜೆ 4ಕ್ಕೆ, ಬೇಸಿಗೆಯಲ್ಲಿ 5ಕ್ಕೆ. ಶಾಲೆಯಿಂದ ಬಂದ ಮಗು ಅರ್ಧ ಆಡಿರುತ್ತದೆ, ಅಷ್ಟರಲ್ಲಿ ಪದ ಬದಲಾಗಿರುತ್ತದೆ.

ಆಡುವವರ ಊರಿನ ವರ್ಷ, ತಿಂಗಳು, ದಿನ ತಗೊಳ್ಳಿ. ತಿಂಗಳು 0ಯಿಂದ ಶುರುವಾಗುತ್ತದೆ, ಜನವರಿ ಅಂದರೆ 0. ಆಟ ಶುರುವಾದ ದಿನದಿಂದ ಇವತ್ತಿಗೆ ಎಷ್ಟು ದಿನ ಅಂತ ಎಣಿಸಲು ಎರಡೂ ದಿನಾಂಕವನ್ನು ಡೇಟ್ ಯುಟಿಸಿಗೆ ಕೊಟ್ಟು, ವ್ಯತ್ಯಾಸವನ್ನು 8,64,00,000 ಮಿಲಿಸೆಕೆಂಡಿನಿಂದ ಭಾಗಿಸಿ. ಸ್ಥಳೀಯ ಸಮಯದಲ್ಲೇ ಕಳೆದರೆ ಅಮೆರಿಕದಲ್ಲಿ ಗಡಿಯಾರ ಮುಂದೆ ಹಿಂದೆ ಮಾಡುವ ದಿನ 23 ಅಥವಾ 25 ಗಂಟೆಯದ್ದಾಗಿ ಲೆಕ್ಕ ಏರುಪೇರಾಗುತ್ತದೆ. ಭಾರತದಲ್ಲಿ ಕೂತು ಪರೀಕ್ಷಿಸಿದರೆ ಇದು ಕಾಣುವುದೇ ಇಲ್ಲ. ಕ್ರೋಮಿನ ಡೆವಲಪರ್ ಟೂಲಿನಲ್ಲಿ ಸೆನ್ಸರ್ಸ್ ಅಂತ ಇದೆ, ಅಲ್ಲಿ ಊರು ಬದಲಿಸಿ ನೋಡಬಹುದು.

ಹಾಸನದಿಂದ

ನಾನು ಇನ್ನೂ ಎಚ್‌ಟಿಎಂಎಲ್ ಕಲಿಯುತ್ತಿದ್ದೇನೆ. ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಹೇಗೆ ಹಿಡಿದುಕೊಳ್ಳುತ್ತೀರಿ ಅಕ್ಕ? ನಾನು ಕೀ ಡೌನ್ ಈವೆಂಟ್ (ಕೀ ಒತ್ತಿದಾಗ ಬರುವ ಸೂಚನೆ) ಹಾಕಿ ನೋಡಿದರೆ ಲ್ಯಾಪ್‌ಟಾಪಿನಲ್ಲಿ ಬರುತ್ತದೆ, ಫೋನಿನಲ್ಲಿ ಎಲ್ಲಕ್ಕೂ 229 ಅಂತ ಬರುತ್ತಿದೆ.

ಶಿವಮೊಗ್ಗದಿಂದ

ಆಂಡ್ರಾಯ್ಡ್ ಕೀಬೋರ್ಡುಗಳು ಪದವನ್ನು ಇನ್ನೂ ಜೋಡಿಸುತ್ತಿರುವಾಗ ಯಾವ ಕೀ ಒತ್ತಿದರು ಅಂತ ಬ್ರೌಸರಿಗೆ ಹೇಳುವುದಿಲ್ಲ, 229 ಅಂತ ಮಾತ್ರ ಕಳಿಸುತ್ತವೆ. ಅದಕ್ಕೆ ಕೀ ಡೌನ್ ನಂಬಬೇಡ. ಇನ್‌ಪುಟ್ ಈವೆಂಟ್ ಕೇಳು. ಪೆಟ್ಟಿಗೆಯಲ್ಲಿ ಈಗ ಏನಿದೆಯೋ ಅದನ್ನು ಪೂರ್ತಿ ಓದಿ, ಅಕ್ಷರಗಳಾಗಿ ಒಡೆದು ಮನೆಗಳಿಗೆ ಹಾಕು.

ಇನ್ನೊಂದು ಮಾತು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವವರು 'ಮಲ್ಲಿಗೆ' ಟೈಪ್ ಮಾಡುವಾಗ ನಡುವೆ 'ಮಲ್' ಅಂತ ಬರುತ್ತದೆ. ಆ ಹೊತ್ತಿಗೆ ಎರಡು ಮನೆ ತುಂಬಿದ ಹಾಗೆ ಕಾಣುತ್ತದೆ, ಮುಂದಿನ ಅಕ್ಷರ ಬಂದಾಗ ಲ್ಲಿ ಆಗಿ ಅದೇ ಮನೆಯಲ್ಲಿ ಸೇರುತ್ತದೆ. ಮನೆ ತುಂಬಿತು ಅಂತ ಅಲ್ಲೇ ತಡೆದುಬಿಟ್ಟರೆ ಒತ್ತಕ್ಷರ ಬರೆಯಲು ಆಗುವುದೇ ಇಲ್ಲ. ಹಾಗಾಗಿ ಪೆಟ್ಟಿಗೆಗೆ ಮ್ಯಾಕ್ಸ್‌ಲೆಂಗ್ತ್ (ಉದ್ದದ ಮಿತಿ) ಹಾಕಬೇಡ. ಉದ್ದ ಪರೀಕ್ಷಿಸುವುದು 'ನೋಡು' ಬಟನ್ ಒತ್ತಿದಾಗ ಮಾತ್ರ. ಎಂಟರ್ ಕೀ ಬಳಸುವುದಿದ್ದರೆ ಆ ಈವೆಂಟಿನ ಈಸ್ ಕಂಪೋಸಿಂಗ್ ನೋಡು. ಅದು ನಿಜ ಅಂದರೆ ಅವರು ಇನ್ನೂ ಪದ ಆರಿಸುತ್ತಿದ್ದಾರೆ, ಊಹೆ ಕಳಿಸುತ್ತಿಲ್ಲ.

ಹಾಸನದಿಂದ

ಬಂತು ಅಕ್ಕ! ಫೋನಿನಲ್ಲೂ ಬಂತು. ಒಂದೊಂದು ಮನೆಗೂ ಒಂದೊಂದು ಇನ್‌ಪುಟ್ ಪೆಟ್ಟಿಗೆ ಇಟ್ಟಿದ್ದೆ, ಅದನ್ನೂ ತೆಗೆಯಬೇಕಾ?

ಶಿವಮೊಗ್ಗದಿಂದ

ತೆಗೆ. ಒಂದೇ ಪೆಟ್ಟಿಗೆ ಸಾಕು, ಮನೆಗಳು ಸುಮ್ನೆ ತೋರಿಸಲಿಕ್ಕೆ. ಮನೆಯ ಒಳಗೆ ಒಂದು ಅಕ್ಷರದ ಎಲ್ಲ ಭಾಗವೂ ಒಟ್ಟಿಗೇ ಇರಬೇಕು. ಲ್ ಒಂದು ಸ್ಪ್ಯಾನಿನಲ್ಲಿ, ಲಿ ಇನ್ನೊಂದರಲ್ಲಿ ಹೋದರೆ ಫಾಂಟ್‌ಗೆ ಒತ್ತು ಕಟ್ಟಲು ಆಗುವುದಿಲ್ಲ, ಬಿಡಿಬಿಡಿಯಾಗಿ ಕಾಣುತ್ತದೆ. ಮನೆಯ ಎತ್ತರವನ್ನೂ ಧಾರಾಳವಾಗಿ ಇಡು. ಇಂಗ್ಲಿಷ್‌ಗೆ ಹೊಂದುವ ಲೈನ್ ಹೈಟ್ ಕೊಟ್ಟು ಓವರ್‌ಫ್ಲೋ (ಮನೆಯಿಂದ ಹೊರಚಾಚುವ ಭಾಗ) ಮುಚ್ಚಿದರೆ 'ಸ್ತ್ರೀ'ಯ ಕೆಳಗಿನ ಒತ್ತುಗಳು ಕತ್ತರಿಸಿ ಹೋಗುತ್ತವೆ. ಪರದೆ ಸರಿ ಇದೆಯಾ ನೋಡಲು ನಾನು 'ಸ್ತ್ರೀ' ಪದವನ್ನೇ ಹಾಕಿ ನೋಡುತ್ತೇನೆ.

ಬೆಂಗಳೂರಿನಿಂದ, ಕೆಲಸದಲ್ಲಿರುವವರು

ರಿಯಾಕ್ಟ್ (ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬಳಸಿದ್ದರೆ ಸುಲಭ ಆಗುತ್ತಿರಲಿಲ್ವಾ?

ಧಾರವಾಡದಿಂದ, ಕಾಲೇಜಿನಲ್ಲಿ ಪಾಠ ಮಾಡುವವರು

ಈ ಅಳತೆಯ ಆಟಕ್ಕೆ ಬೇಡ ಅನ್ನುತ್ತೇನೆ. ರಿಯಾಕ್ಟ್‌ನ ಮುಖ್ಯ ಗುಣವನ್ನು ಸಾದಾ ಜಾವಾಸ್ಕ್ರಿಪ್ಟಿನಲ್ಲೇ ಅಭ್ಯಾಸ ಮಾಡಬಹುದು. ಆಟದ ಸ್ಥಿತಿಯೆಲ್ಲ ಒಂದೇ ಆಬ್ಜೆಕ್ಟಿನಲ್ಲಿ ಇರಲಿ. ಅದನ್ನು ನೋಡಿ ಪರದೆ ಬಿಡಿಸುವ ಫಂಕ್ಷನ್ ಒಂದೇ ಇರಲಿ. 'ಎಷ್ಟನೇ ಊಹೆ' ಅನ್ನೋದನ್ನು ಪರದೆಯ ಮನೆಗಳನ್ನು ಎಣಿಸಿ ಕಂಡುಹಿಡಿಯುವ ಕೋಡ್ ಬಹಳ ಸಲ ನೋಡುತ್ತೇನೆ. ಅಲ್ಲಿಂದಲೇ ಗೋಜಲು ಶುರು. ಇದು ಕೈಗೆ ಹತ್ತಿದ ಮೇಲೆ ರಿಯಾಕ್ಟ್ ಕಲಿತರೆ ಅದು ಯಾಕೆ ಹಾಗಿದೆ ಅಂತ ತಾನಾಗಿ ಅರ್ಥವಾಗುತ್ತದೆ.

ಬೆಂಗಳೂರಿನಿಂದ, ಕೆಲಸದಲ್ಲಿರುವವರು

ಒಪ್ಪಿದೆ ಮೇಡಂ. ಹಾಗಾದರೆ ಆಟ ಹೊರಗೆ ಹಾಕುವಾಗಿನ ವಿಷಯ ನಾನು ಸೇರಿಸುತ್ತೇನೆ. ಪದಪಟ್ಟಿ ಬೇರೆ ಕಡತದಲ್ಲಿದ್ದರೆ ಎಚ್‌ಟಿಎಂಎಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದಾಗ ಆ ಕಡತವನ್ನು ತರುವ ಫೆಚ್ ನಡೆಯುವುದಿಲ್ಲ, ಬ್ರೌಸರ್ ತಡೆಯುತ್ತದೆ. ಪರೀಕ್ಷಿಸಲು ನಮ್ಮ ಕಂಪ್ಯೂಟರಿನಲ್ಲೇ ಓಡುವ ಲೈವ್ ಸರ್ವರ್ ಬೇಕು. ಗಿಟ್‌ಹಬ್ ಪೇಜಸ್ ಅನ್ನುವ ಜಾಲತಾಣ ಸೇವೆಗೆ ಹಾಕಿದರೆ ಪ್ರಾಜೆಕ್ಟ್ ಹೆಸರಿನ ಉಪವಿಳಾಸದಲ್ಲಿ ಕೂರುತ್ತದೆ. ಹಾಗಾಗಿ ಓರೆಗೆರೆಯಿಂದ ಶುರುವಾಗುವ ದಾರಿಗಳು ಮುರಿಯುತ್ತವೆ. ವಿಂಡೋಸ್‌ನಲ್ಲಿ ಕಡತದ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಒಂದೇ ಲೆಕ್ಕ, ಗಿಟ್‌ಹಬ್ ಪೇಜಸ್‌ನಲ್ಲಿ ಬೇರೆ ಬೇರೆ. ಮತ್ತೆ, 404 (ಕಡತ ಸಿಗಲಿಲ್ಲ) ಬಂದರೂ ಫೆಚ್ ಸೋತೆ ಅನ್ನುವುದಿಲ್ಲ. ಉತ್ತರದ ಓಕೆ ಗುಣವನ್ನು ನಾವೇ ನೋಡಬೇಕು.

ಗೆಲುವಿನ ಸರಣಿಯನ್ನು ಲೋಕಲ್ ಸ್ಟೋರೇಜಿನಲ್ಲಿ (ಬ್ರೌಸರಿನ ಸ್ವಂತ ಸಂಗ್ರಹ) ಇಟ್ಟಿದ್ದರೆ ಒಂದು ಮಿತಿ ಗೊತ್ತಿರಲಿ. ಬಳಕೆದಾರರು ಸಫಾರಿ ಬಳಸುತ್ತಾ ಏಳು ದಿನ ನಿಮ್ಮ ಪುಟದ ಕಡೆ ಬರದಿದ್ದರೆ ಸಫಾರಿ ಅದನ್ನು ಅಳಿಸುತ್ತದೆ. ಊರಿಗೆ ಹೋಗಿ ಬಂದವರ ಸರಣಿ ಹೋಗಿದ್ದರೆ ಅದು ನಿಮ್ಮ ಕೋಡಿನ ತಪ್ಪಲ್ಲ. ಅದನ್ನು ಪುಟದಲ್ಲೇ ಒಂದು ಸಾಲಿನಲ್ಲಿ ಹೇಳಿಬಿಡಿ.

ಕಲಬುರಗಿಯಿಂದ

ಎಲ್ಲಾ ಛಲೋ ಅದ. ಪದಪಟ್ಟಿ ಎಲ್ಲಿಂದ ತಂದ್ರಿ? ನನ್ನ ಹತ್ತಿರ ಕನ್ನಡ ಬರೆಯುವ 'ನುಡಿ' ತಂತ್ರಾಂಶದ ಹಳೇ ಕಡತಗಳಲ್ಲಿ ಈ ಕಡೆಯ ಪದಗಳು ಬೇಕಾದಷ್ಟು ಇವೆ. ಕಳಿಸಿದರೆ ಉಪಯೋಗ ಆಗುತ್ತಾ?

ಶಿವಮೊಗ್ಗದಿಂದ

ಸದ್ಯಕ್ಕೆ ಮನೆಯವರೆಲ್ಲ ಕೂತು ಬರೆದ ಪಟ್ಟಿ. ನಿಮ್ಮದು ಬಂದರೆ ಬಹಳ ಸಂತೋಷ, ಮಲೆನಾಡಿನ ಪದಗಳೇ ಜಾಸ್ತಿ ಆಗಿಬಿಟ್ಟಿವೆ. ಹಳೇ ನುಡಿ ಕಡತ ಆದರೆ ಅವು ಯೂನಿಕೋಡ್‌ನಲ್ಲಿ ಇರುವುದಿಲ್ಲ. ನುಡಿ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ ಕಳಿಸಿ. ಅದಾದ ಮೇಲೂ ನಾನು ಪ್ರತಿ ಪದವನ್ನು ನಾರ್ಮಲೈಸ್ ಮಾಡುತ್ತೇನೆ. ಕೊ ಬರೆಯಲು ಒತ್ವದ ಒಂದೇ ಸಂಕೇತ ಇದೆ, ಎತ್ವ ಮತ್ತು ಊತ್ವ ಎರಡನ್ನು ಸೇರಿಸಿದರೂ ಅದೇ ಕಾಣುತ್ತದೆ. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. ನಾರ್ಮಲೈಸ್ ಮಾಡಿದರೆ ಎರಡೂ ಒಂದಾಗುತ್ತವೆ.

ಧಾರವಾಡದಿಂದ, ಕಾಲೇಜಿನಲ್ಲಿ ಪಾಠ ಮಾಡುವವರು

ಕಾಣದ ಜೋಡಕಗಳನ್ನೂ ಮರೆಯಬೇಡ. 'ಸಾಫ್ಟ್‌ವೇರ್' ಬರೆಯುವಾಗ ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದು ಇರುವುದರಿಂದಲೇ ವೇ ಒತ್ತಾಗದೆ ಬಿಡಿಯಾಗಿ ನಿಲ್ಲುತ್ತದೆ. ಅದಿದ್ದರೆ ಸಾ, ಫ್ಟ್, ವೇ, ರ್ ನಾಲ್ಕು. ಮೊದಲೇ ಅಳಿಸಿದರೆ ಮೂರೇ ಸಿಗುತ್ತದೆ. ಹಾಗಾಗಿ ಮೊದಲು ಒಡೆಯಬೇಕು, ಹೋಲಿಸುವಾಗ ಮಾತ್ರ ಅದನ್ನು ಬಿಡಬೇಕು.

ಶಿವಮೊಗ್ಗದಿಂದ

ಇದು ನನ್ನ ಪರೀಕ್ಷಾ ಪಟ್ಟಿಯಲ್ಲಿ ಇರಲಿಲ್ಲ ಮೇಡಂ. 'ಸಾಫ್ಟ್‌ವೇರ್ 4', 'ರ‍್ಯಾಂಕ್ 2' ಎರಡನ್ನೂ ಈಗಲೇ ಸೇರಿಸಿದೆ, ಎರಡೂ ಪಾಸಾದವು. ಕಲಬುರಗಿಯವರೇ, ಪಟ್ಟಿಯಲ್ಲಿ ಒಂದು ಸಾಲಿಗೆ ಒಂದು ಪದ ಇರಲಿ. ಅರ್ಥವನ್ನೂ ಬರೆದರೆ ಆಟ ಮುಗಿದ ಮೇಲೆ ತೋರಿಸುತ್ತೇನೆ, ನಿಮ್ಮ ಕಡೆಯ ಪದ ನಮಗೆ ಗೊತ್ತಿರುವುದಿಲ್ಲವಲ್ಲ.

ಕಲಬುರಗಿಯಿಂದ

ಅರ್ಥ ಬರೆದೇ ಕಳಿಸ್ತೀನಿ. ಮೊದಲ ಕಂತಿನಲ್ಲಿ ಅಡುಗೆ ಮನೆ, ಹೊಲದ ಪದಗಳು.